ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು

ಪ್ರೆಸ್ಸಿನಲ್ಲಿ ಅವಳನ್ನು ಎದುರಿಗೆ ‘ಅಕ್ಕ’ ಅಂತಲೂ ಬೆನ್ನ ಹಿಂದೆ ‘ಕೆಂಪಿಂಕು’ ಅಂತಲೂ ಕರೆಯುತ್ತಿದ್ದರು. ಬರಬರುತ್ತಾ ಎರಡೂ ಕೂಡಿಕೊಂಡು ಕೆಂಪಿಂಕಕ್ಕ ಆಯಿತು. ಮೊದಮೊದಲು ಮುಖ ಸಿಂಡರಿಸಿದಳು, ಆಮೇಲೆ ಅವಳೂ ಅದಕ್ಕೇ ಓಗೊಡತೊಡಗಿದಳು. ಕರಡು ತಿದ್ದುವುದು ಅವಳ ಕೆಲಸ. ಔಷಧದ ಡಬ್ಬಿಯೊಳಗೆ ಮಡಚಿ ಇಡುವ ಚೀಟಿ, ಶಾಲೆಯ ಗಣಿತದ ಪುಸ್ತಕ, ಮಿಕ್ಸಿ ಬಳಸುವ ವಿಧಾನ, ಯಾವುದೇ ಆಗಲಿ, ಅಚ್ಚಿಗೆ ಹೋಗುವ ಮುಂಚೆ ಅವಳ ಮೇಜಿಗೆ ಬಂದು ಮೈತುಂಬ ಕೆಂಪು ಗೀಟು ಹಾಕಿಸಿಕೊಂಡೇ ಹೋಗಬೇಕು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ಅವಳ ಕಣ್ಣು ತಪ್ಪಿತ್ತು. ಮಕ್ಕಳ ಕೆಮ್ಮಿನ ಔಷಧದ ಚೀಟಿಯಲ್ಲಿ ಒಂದೂವರೆ ಅಂತ ಇರಬೇಕಾದ ಅಂಕಿಯ ನಡುವಿನ ಚುಕ್ಕೆ ಬಿದ್ದುಹೋಗಿ ಹದಿನೈದಾಗಿತ್ತು. ಮೆಷಿನ್ ಓಡಿಸುವವನ ಮನೆಯಲ್ಲಿ ಅದೇ ಔಷಧ ಕುಡಿಯುವ ಮಗು ಇದ್ದದ್ದರಿಂದ ಅವನ ಕಣ್ಣಿಗೆ ಬಿತ್ತು. ಹಾಳೆಗಳನ್ನೆಲ್ಲ ಸುಟ್ಟರು. ಯಾರಿಗೂ ಏನೂ ಆಗಲಿಲ್ಲ, ಮಾಲೀಕರು ಬೈಯಲೂ ಇಲ್ಲ. ಆದರೆ ಆ ಚುಕ್ಕೆ ಹೋಗಿ ಅವಳ ಎದೆಯಲ್ಲಿ ಕೂತುಬಿಟ್ಟಿತು. ಅಂದಿನಿಂದ ಏನೇ ಇರಲಿ ಮೂರು ಸಲ ಓದುತ್ತಿದ್ದಳು. ಗಂಡ ಅಂಗಡಿ ಸಾಮಾನಿಗೆ ಬರೆದುಕೊಂಡ ಚೀಟಿಯಲ್ಲೂ ‘ಸಾಬೂನು’ ತಿದ್ದಿ ಕೊಡುತ್ತಿದ್ದಳು.

“ಅಂಗಡಿಯವನು ನನಗೆ ಮಾರ್ಕ್ಸ್ ಕೊಡ್ತಾನೇನೇ?” ಅಂತ ಗಂಡ ನಗುತ್ತಿದ್ದ. ಅವನು ಫ್ರಿಜ್ ರಿಪೇರಿ ಮಾಡುವವನು. ಸ್ಕೂಟರಿನ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುವ, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದ ಆಸಾಮಿ.

ಕೌದಿಯ ಹುಚ್ಚು ಹತ್ತಿದ್ದು ಅವಳಿಗೆ ಮೂವತ್ತಮೂರು ತುಂಬಿದಾಗ, ಅದೂ ಪ್ರೆಸ್ಸಿನಲ್ಲೇ. ಕೆಳಗಿನ ಕೋಣೆಯಲ್ಲಿ ಪುಸ್ತಕ ಕಟ್ಟುವ ಬೈಂಡರಣ್ಣ ಕೂರುತ್ತಿದ್ದರು. ಮೇಣ ಹಚ್ಚಿದ ದಾರ, ಉದ್ದನೆಯ ಸೂಜಿ, ಮೂಗಿನ ತುದಿಗೆ ಜಾರಿದ ಕನ್ನಡಕ. ದಿನವಿಡೀ ಅಕ್ಷರ ನೋಡಿ ಕಣ್ಣು ಉರಿದಾಗ ಅವಳು ಅಲ್ಲಿಗೆ ಇಳಿದು ಹೋಗಿ ಸುಮ್ಮನೆ ಅವರ ಕೈ ನೋಡುತ್ತಾ ನಿಲ್ಲುತ್ತಿದ್ದಳು. ಒಂದು ದಿನ ಅವರು ಮೂಲೆಯ ಚೀಲ ತೋರಿಸಿ, “ಪುಸ್ತಕದ ರಟ್ಟಿಗೆ ಹಾಕಿ ಉಳಿದ ಬಟ್ಟೆ. ಎಸೆಯೋಕೆ ಮನಸ್ಸು ಬರಲ್ಲ. ತಗೊಂಡು ಹೋಗಿ ಏನಾದ್ರೂ ಹೊಲಿಯಮ್ಮ, ಕಣ್ಣಿಗೂ ಬಿಡುವು” ಅಂದರು.

ಅವಳು ಚೀಲ ಹೊತ್ತು ತಂದಳು. ಕೆಂಪು, ಕಡುನೀಲಿ, ಪಾಚಿ ಬಣ್ಣದ ತುಂಡುಗಳನ್ನು ಸ್ಕೇಲು ಇಟ್ಟು ಕತ್ತರಿಸಿ, ಜೋಡಿಸಿ, ಅಡಿಗೊಂದು ಬಟ್ಟೆ, ನಡುವೆ ಒಂದು ಹಳೇ ಕಂಬಳಿ ಇಟ್ಟು ನಾಲ್ಕು ತಿಂಗಳು ಹೊಲಿದಳು. ಆದರೆ ರಟ್ಟಿನ ಬಟ್ಟೆಗೆ ಗಂಜಿ ಹಾಕಿರುತ್ತಾರೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಮುಗಿದ ಕೌದಿಯನ್ನು ಗೋಡೆಗೆ ಒರಗಿಸಿದರೆ ಅದು ತನ್ನ ಪಾಡಿಗೆ ತಾನು ನಿಂತುಕೊಂಡಿತು.

ಗಂಡ ಅದನ್ನು ಒಂದು ರಾತ್ರಿ ಹೊದ್ದು ನೋಡಿ, ಬೆಳಿಗ್ಗೆ ಎದ್ದು ಕತ್ತು ತಿರುಗಿಸುತ್ತಾ, “ಚೆನ್ನಾಗಿದೆ ಕಣೇ. ಚಿಲಕ ಒಂದು ಹಾಕಿಸಿಬಿಟ್ರೆ ಬಾಗಿಲು ಅಂತ ಉಪಯೋಗಿಸಬಹುದು” ಅಂದ.

ಅವಳಿಗೂ ನಗು ತಡೆಯಲಾಗಲಿಲ್ಲ. ಬಟ್ಟೆಯನ್ನು ಮೊದಲು ಒಗೆದು, ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಕತ್ತರಿ ಹಾಕಬೇಕು ಅನ್ನುವುದು ಹಾಗೆ ತಲೆಗೆ ಹತ್ತಿತು. ಬಣ್ಣ ನೋಡಿ ಮರುಳಾಗುವುದು ಅಲ್ಲಿಗೆ ನಿಂತಿತು.

ಎರಡನೆಯದು ನಾದಿನಿಯ ಹೊಟ್ಟೆಯಲ್ಲಿದ್ದ ಮಗುವಿಗೆ ಅಂತ ಶುರು ಮಾಡಿದ್ದು. ಈ ಸಲ ಬಟ್ಟೆ ಮೆತ್ತಗಿತ್ತು, ಹೊಲಿಯುವವಳು ಮಾತ್ರ ಮೆತ್ತಗಿರಲಿಲ್ಲ. ಒಂದು ಸಾಲು ಹೊಲಿದು, ದೀಪದ ಕೆಳಗೆ ಹಿಡಿದು, ಒಂದು ಹೊಲಿಗೆ ಎಳ್ಳಿನಷ್ಟು ಉದ್ದ ಬಂದಿದ್ದರೆ ಇಡೀ ಸಾಲು ಬಿಚ್ಚುವಳು. ಬ್ಲೇಡಿನ ತುದಿಯಿಂದ ಟಕ್ ಟಕ್ ಅಂತ ದಾರ ಕತ್ತರಿಸುವ ಸದ್ದು ಕೇಳಿದರೆ ಗಂಡ ಒಳಗಿನಿಂದ, “ಇವತ್ತು ಎಷ್ಟು ಹೊಲಿದೆ?” ಅನ್ನುತ್ತಿರಲಿಲ್ಲ, “ಇವತ್ತು ಎಷ್ಟು ಬಿಚ್ಚಿದೆ?” ಅನ್ನುತ್ತಿದ್ದ. ಮಗು ಹುಟ್ಟಿತು, ಬೋರಲು ಬಿತ್ತು, ಹೆಜ್ಜೆ ಇಟ್ಟಿತು, ಹಾಲುಹಲ್ಲು ಉದುರಿಸಿಕೊಂಡಿತು. ಕೌದಿ ಕೈಗೆ ಬಂದಾಗ ಅದು ಒಂದನೇ ಕ್ಲಾಸಿನ ಹುಡುಗಿ. ಬಿಡಿಸಿ ನೋಡಿ, ಎದೆಯಿಂದ ಮೊಣಕಾಲಿನ ತನಕ ಅಳತೆ ಹಿಡಿದು, “ಥ್ಯಾಂಕ್ಸ್ ಅತ್ತೆ, ಇದು ನನ್ನ ಗೊಂಬೆಗಾ?” ಅಂತ ಕೇಳಿತು.

ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ಕೆಂಪಿಂಕಕ್ಕ ಬಸ್ಸಿನಲ್ಲಿ ವಾಪಸ್ಸು ಬರುವಾಗ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಇಷ್ಟು ಚೊಕ್ಕವಾಗಿ ಹೊಲಿದದ್ದು ಯಾರ ಮೈಗೂ ಆಗಲಿಲ್ಲವಲ್ಲ ಅಂತ ಅನ್ನಿಸಿತು. ಅನ್ನಿಸಿತು, ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅವಳ ಬ್ಲೇಡು ಕೆಳಗಿಳಿಯಲಿಲ್ಲ.

ಮೂರನೆಯದಕ್ಕೆ ಮೂರೂವರೆ ವರ್ಷ ಹಿಡಿಯಿತು. ಬೂದು, ಬಿಳಿ, ಹಳದಿ ತುಂಡುಗಳು; ಬೆರಳುದ್ದದಲ್ಲಿ ಹನ್ನೆರಡು ಹೊಲಿಗೆ, ಎಲ್ಲಿ ಎಣಿಸಿದರೂ ಹನ್ನೆರಡೇ. ಊರಿನ ಟೌನ್‌ಹಾಲಿನಲ್ಲಿ ಕೈಕಸುಬಿನ ಪ್ರದರ್ಶನ ಅಂತ ಗೊತ್ತಾದಾಗ ಗಂಡನೇ ಸ್ಕೂಟರಿನಲ್ಲಿ ತೆಗೆದುಕೊಂಡು ಹೋಗಿ ಕೊಟ್ಟು ಬಂದ. ಫಲಿತಾಂಶದ ದಿನ ಇಬ್ಬರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೋದರು. ಅವಳ ಕೌದಿ ಗೋಡೆಯ ಮೇಲಿರಲಿಲ್ಲ. ಮೇಜಿನ ಕೆಳಗೆ ಒಂದು ರಟ್ಟಿನ ಡಬ್ಬಿಯಲ್ಲಿತ್ತು. ಮೇಲೆ ಪಿನ್ನು ಚುಚ್ಚಿದ ಚೀಟಿ: ‘ಮೆಷಿನ್ ಹೊಲಿಗೆ. ಸ್ಪರ್ಧೆಗೆ ಅರ್ಹವಲ್ಲ.’

“ಕೈಯಲ್ಲಿ ಹೊಲಿದಿದ್ದು ಮೇಡಂ,” ಅಂದಳು ಅವಳು, ತೀರ್ಪುಗಾರ್ತಿಯ ಎದುರು ನಿಂತು.

ತೀರ್ಪುಗಾರ್ತಿ ಕೆಟ್ಟವರೇನಲ್ಲ. ಕನ್ನಡಕ ತೆಗೆದು, “ಎಲ್ಲರೂ ಹಾಗೇ ಅಂತಾರಮ್ಮ. ಕೈಹೊಲಿಗೆ ಅಂದ ಮೇಲೆ ಎಲ್ಲೋ ಒಂದು ಕಡೆ ಕೈ ಕಾಣಿಸಬೇಕಲ್ವಾ? ಇದರಲ್ಲಿ ಹುಡುಕಿದೆ, ಸಿಗಲಿಲ್ಲ” ಅಂದರು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಗಂಡನಿಗೆ ನಗು ಉಕ್ಕಿತು. ತಪ್ಪಿಲ್ಲದ್ದೇ ತಪ್ಪಾಯಿತಲ್ಲ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಮುಖ ನೋಡಿದವನೇ ನಗುವನ್ನು ಅರ್ಧಕ್ಕೇ ನುಂಗಿ, “ನಡಿ, ಟೀ ಕುಡಿಯೋಣ” ಅಂದ. ಅವಳು ಕುಡಿಯಲಿಲ್ಲ. ಮನೆಗೆ ಬಂದು ಕೌದಿಯನ್ನು ಹಳೇ ಪರದೆಯಲ್ಲಿ ಸುತ್ತಿ ಬೀರುವಿನ ಮೇಲೆ ತಳ್ಳಿದಳು. ಸೂಜಿ ಡಬ್ಬಿಯನ್ನೂ ಅದರ ಪಕ್ಕಕ್ಕೆ ಇಟ್ಟಳು. ಎಂಟು ತಿಂಗಳು ಅದರ ಕಡೆ ತಲೆ ಎತ್ತಿ ನೋಡಲಿಲ್ಲ.

ಆ ವರ್ಷದ ಚಳಿಗಾಲಕ್ಕೆ ಅತ್ತೆ ಬಂದರು. ಬೇರೆ ಊರಿನಲ್ಲಿ ಒಬ್ಬರೇ ಇದ್ದವರು, ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ವಾಕರ್ ಹಿಡಿದು ಬಂದಿಳಿದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮಾತು ಅಂದರೆ ಹೊಟ್ಟೆಗೆ ಅನ್ನವಿದ್ದ ಹಾಗೆ. ಆದರೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣ ಅಂದರೆ, “ಸೊಂಟಕ್ಕೆ ಕೊಯ್ದಿದ್ದು ಸಾಲದಾ? ಕಣ್ಣಿಗೆ ಚಾಕು ಅಂದ್ರೆ ನನ್ನ ಜೀವ ಬಾಯಿಗೆ ಬರುತ್ತೆ. ಮಬ್ಬಾಗಿ ಕಂಡ್ರೂ ಕಾಣ್ತಿದೆಯಲ್ಲ, ಬಿಡಿ” ಅನ್ನುತ್ತಿದ್ದರು.

ಮೊದಲ ದಿನವೇ ಅವರಿಗೆ ಚಳಿ ತಡೆಯಲಾಗಲಿಲ್ಲ. ಮಗ ಸ್ಟೂಲು ಹತ್ತಿ ಬೀರುವಿನ ಮೇಲಿನ ಗಂಟು ಇಳಿಸಿದ. “ಬೇಡ ರೀ, ಅದು...” ಅಂತ ಕೆಂಪಿಂಕಕ್ಕ ಬಾಯಿ ತೆರೆಯುವಷ್ಟರಲ್ಲಿ, “ಧೂಳಿಗೆ ಹೊದಿಸೋದಕ್ಕಿಂತ ಅಮ್ಮನಿಗೆ ಹೊದಿಸೋಣ” ಅಂತ ಹರವಿಯೇ ಬಿಟ್ಟ.

ಅತ್ತೆ ಅದನ್ನು ಕಣ್ಣಿನಿಂದ ನೋಡಲಿಲ್ಲ. ಬೆರಳಿನಿಂದ ನೋಡಿದರು. ಅಂಚಿನಿಂದ ಅಂಚಿಗೆ ನಿಧಾನಕ್ಕೆ ಸವರಿ, “ಇಷ್ಟು ಸಣ್ಣ ಹೊಲಿಗೆಯಾ! ಎಷ್ಟು ಹೊತ್ತು ಕೂತಿದ್ದೆ ಮಗಳೇ?” ಅಂತ ಕೇಳಿದರು.

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಅವಳ ಕಣ್ಣಲ್ಲಿ ನೀರಾಡಿತು. ಮಾರನೇ ದಿನ ಸೂಜಿ ಡಬ್ಬಿಯೂ ಕೆಳಗಿಳಿಯಿತು.

ಹಗಲೆಲ್ಲ ಮನೆಯಲ್ಲಿ ಒಬ್ಬರೇ ಕೂತು ಅತ್ತೆಗೆ ಬೇಜಾರಾಗುತ್ತಿತ್ತು. “ನನಗೂ ಕಲಿಸು. ಕೈ ಖಾಲಿ ಕೂತ್ರೆ ತಲೆ ಕೆಡುತ್ತೆ” ಅಂದರು. ನೆಲದ ಮೇಲೆ ಅವರು ಕೂರುವ ಹಾಗಿರಲಿಲ್ಲ. ಮಗ ಗುಜರಿ ಅಂಗಡಿಯಿಂದ ಒಂದು ಹಳೇ ಫ್ರಿಜ್ಜಿನ ಬಾಗಿಲು ತಂದು ಎರಡು ಸ್ಟೂಲಿನ ಮೇಲೆ ಅಡ್ಡ ಇಟ್ಟ. “ಊರಿಗೆಲ್ಲ ತಂಪು ಕೊಟ್ಟ ಬಾಗಿಲು. ಇನ್ನು ಬೆಚ್ಚಗೆ ಮಾಡೋ ಕೆಲಸ ಮಾಡ್ಲಿ” ಅಂದ. ಕಿಟಕಿಯ ಪಕ್ಕದ ಕುರ್ಚಿ, ಎದುರಿಗೆ ಆ ಬಾಗಿಲು, ಅದರ ಮೇಲೆ ಹೊಸ ನೀಲಿ ಕೌದಿ. ಬೆಳಿಗ್ಗೆ ಪ್ರೆಸ್ಸಿಗೆ ಹೊರಡುವ ಮುಂಚೆ ಕೆಂಪಿಂಕಕ್ಕ ಹತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುವಳು. ಅತ್ತೆ ಹಗಲೆಲ್ಲ ಹೊಲಿಯುವರು. ಸಂಜೆ ಬಂದು ನೋಡಿದರೆ ಆ ಹೊಲಿಗೆ, ನೀರು ಕಂಡ ಇರುವೆ ಸಾಲಿನ ಹಾಗೆ, ಅಲ್ಲಿಗೆ ಹೊರಟು ಇಲ್ಲಿಗೆ ತಿರುಗಿ ಎಲ್ಲಿಗೋ ಹೋಗಿರುತ್ತಿತ್ತು.

“ಹೇಗಿದೆ?” ಅಂತ ಅತ್ತೆ ಕೇಳುವರು.

“ತುಂಬಾ ಚೆನ್ನಾಗಿದೆ ಅತ್ತೆ” ಅನ್ನುವಳು ಸೊಸೆ.

ಆಮೇಲೆ ಮಗ ತಾಯಿಯನ್ನು ಬೀದಿಯ ತುದಿಯ ಪಾರ್ಕಿಗೆ ನಡೆಸಿಕೊಂಡು ಹೋಗುವ ಮುಕ್ಕಾಲು ಗಂಟೆಯಲ್ಲಿ, ಅವಳು ಬ್ಲೇಡು ಹಿಡಿದು ಅತ್ತೆಯ ಹೊಲಿಗೆಯನ್ನೆಲ್ಲ ಬಿಚ್ಚಿಟ್ಟು, ರಾತ್ರಿ ಅವರು ಮಲಗಿದ ಮೇಲೆ ಅದೇ ಬಣ್ಣದ ದಾರದಲ್ಲಿ ನೇರವಾಗಿ ಹೊಲಿದಿಡುವಳು. ತಪ್ಪು ಮಾಡುತ್ತಿದ್ದೇನೆ ಅಂತ ಅವಳಿಗೆ ಅನ್ನಿಸಲೇ ಇಲ್ಲ. ತಿದ್ದುವುದು ಅವಳಿಗೆ ಉಸಿರಾಟದ ಹಾಗೆ. ಅತ್ತೆಗೆ ಖುಷಿ, ಕೌದಿಗೆ ಚೆಂದ, ಇದರಲ್ಲಿ ಯಾರಿಗೇನು ನಷ್ಟ?

ಹತ್ತು ಹನ್ನೆರಡು ದಿನ ಹೀಗೆ ನಡೆಯಿತು. ಒಂದು ಭಾನುವಾರ ಟೀ ಕುಡಿಯುತ್ತಾ ಅತ್ತೆ ಲೋಟ ಕೆಳಗಿಟ್ಟರು.

“ನಾನು ದಾರ ಮುಗಿದ ಕಡೆಯೆಲ್ಲ ಮೂರು ಗಂಟು ಹಾಕ್ತೀನಿ ಕಣೇ. ಕಣ್ಣಿಗೆ ಕಾಣಲ್ಲ, ಬೆರಳಿಗಾದ್ರೂ ಸಿಗ್ಲಿ, ನಿನ್ನೆ ಎಲ್ಲಿಗೆ ಬಂದಿದ್ದೆ ಅಂತ ಗೊತ್ತಾಗ್ಲಿ ಅಂತ. ಶುರುವಿಂದ ಹುಡುಕಿದೆ, ಒಂದು ಗಂಟೂ ಸಿಗ್ತಿಲ್ಲ.”

ಕೆಂಪಿಂಕಕ್ಕನ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಬಿತ್ತು.

“ಸ್ವಲ್ಪ ಸೊಟ್ಟ ಇತ್ತು ಅತ್ತೆ... ನೇರ ಮಾಡಿದೆ ಅಷ್ಟೇ.”

“ಸೊಟ್ಟ ಇದೆ ಅಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ಬೈದಿದ್ರೆ ಇನ್ನೊಂದು ಸಲ ಪ್ರಯತ್ನ ಮಾಡ್ತಿದ್ದೆ. ಎದುರಿಗೆ ಚೆನ್ನಾಗಿದೆ ಅಂದು ಹಿಂದಿನಿಂದ ಬಿಚ್ಚಿಬಿಟ್ಟೆಯಲ್ಲ! ದಿನಾ ಬೆಳಿಗ್ಗೆ ಇವತ್ತು ಇಷ್ಟು ಮುಗೀತು ಅಂತ ಎದ್ದು ಕೂತ್ಕೋತಿದ್ದೆ. ನಾನು ಮಾಡಿದ್ದು ಏನೂ ಇರಲೇ ಇಲ್ಲ.”

ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ವಾಕರ್ ಹಿಡಿದು ಎದ್ದು ಕಿಟಕಿಯ ಕಡೆಯಿಂದ ಕುರ್ಚಿ ತಿರುಗಿಸಿಕೊಂಡು ಕೂತರು. ಆ ದಿನ, ಮಾರನೇ ದಿನ, ಅದರ ಮಾರನೇ ದಿನವೂ ಸೂಜಿ ಮುಟ್ಟಲಿಲ್ಲ. ಕೈ ಮಾತ್ರ ಮಡಿಲಲ್ಲಿ ಆಡುತ್ತಿತ್ತು, ಹಳೇ ಎಕ್ಸ್‌ಚೇಂಜಿನ ತೂತುಗಳಿಗೆ ವೈರು ಸಿಕ್ಕಿಸಿದ ಹಾಗೆ, ತೆಗೆದ ಹಾಗೆ.

“ಅಮ್ಮ ಊಟ ಬಿಟ್ಟಿದ್ರೆ ನನಗೆ ಭಯ ಇರ್ಲಿಲ್ಲ,” ಅಂದ ಗಂಡ. “ಮಾತು ಬಿಟ್ಟಿದ್ದಾಳೆ.” ಈ ಸಲ ಅವನೂ ನಗಲಿಲ್ಲ.

ಬುಧವಾರ ಅವಳು ಬೈಂಡರಣ್ಣನ ಕೋಣೆಗೆ ಇಳಿದು ಹೋಗಿ ಎಲ್ಲ ಹೇಳಿಕೊಂಡಳು. ಅವರು ದಾರಕ್ಕೆ ಮೇಣ ಉಜ್ಜುತ್ತಾ ಕೇಳಿಸಿಕೊಂಡರು.

“ಅಲ್ಲಮ್ಮ, ಯಾರೋ ಬರೆದ ಪುಸ್ತಕ ಬರುತ್ತೆ. ಅದರಲ್ಲಿ ಒಂದು ವಾಕ್ಯ ನಿನಗೆ ಸರಿ ಕಾಣಲ್ಲ. ಏನ್ಮಾಡ್ತೀಯ?”

“ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ ಕಳಿಸ್ತೀನಿ. ಬರೆದವರು ಹೂಂ ಅಂದ್ರೆ ತಿದ್ದೋದು. ಇನ್ನೊಬ್ಬರ ಮಾತನ್ನ ಕೇಳದೆ ಮುಟ್ಟಂಗಿಲ್ಲ.”

“ಮತ್ತೆ?” ಅಂದರು ಬೈಂಡರಣ್ಣ. ಅಷ್ಟೇ. ಮತ್ತೆ ಪುಸ್ತಕದ ಕಡೆ ಬಗ್ಗಿದರು.

ಅವಳು ಮೆಟ್ಟಿಲು ಹತ್ತುವಾಗ ಮೈಯೆಲ್ಲ ಬಿಸಿಯಾಗಿತ್ತು. ಇಪ್ಪತ್ತು ವರ್ಷದಿಂದ ಗುರುತು ಪರಿಚಯ ಇಲ್ಲದ ಲೇಖಕರಿಗೆ ಕೊಟ್ಟ ಮರ್ಯಾದೆಯನ್ನು ಮನೆಯ ಹಿರಿಯರಿಗೆ ಕೊಡಲಿಲ್ಲವಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಅತ್ತೆಯ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, “ತಪ್ಪಾಯ್ತು ಅತ್ತೆ” ಅಂದಳು.

ಅತ್ತೆ ಮಡಿಲಲ್ಲಿ ಆಡುತ್ತಿದ್ದ ಕೈ ನಿಲ್ಲಿಸಿದರು. “ತಪ್ಪಾಯ್ತು ಅನ್ನೋದು ಸುಲಭ. ಬಿಚ್ಚಿದ್ದು ವಾಪಸ್ ಬರುತ್ತಾ?”

“ಬರಲ್ಲ.”

“ಹಾಗಾದ್ರೆ ಅಳ್ತಾ ಕೂತ್ಕೋಬೇಡ. ಸೂಜಿಗೆ ದಾರ ಪೋಣಿಸಿ ಕೊಡು.”

ಆ ಮಧ್ಯಾಹ್ನವೇ ಒಪ್ಪಂದವಾಯಿತು. ಕೌದಿಯ ನಡುವೆ ಒಂದು ಬಿಳಿ ದಾರ ಎಳೆದರು. ಕಿಟಕಿಯ ಕಡೆ ಅತ್ತೆಯದು, ಕೋಣೆಯ ಬಾಗಿಲ ಕಡೆ ಸೊಸೆಯದು. ಗಡಿ ದಾಟಿ ಸೂಜಿಯಾಗಲಿ ಬ್ಲೇಡಾಗಲಿ ಬರುವ ಹಾಗಿಲ್ಲ. ಹೊಲಿಗೆ ಹೇಗಿದೆ ಅಂತ ಅತ್ತೆ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು.

“ಹೇಗಿದೆ?”

“ಬಲಗಡೆ ಜಾರಿದೆ ಅತ್ತೆ.”

“ಜಾರ್ಲಿ. ಸೊಂಟ ಮುರಿಯದೆ ಇದ್ರೆ ಸಾಕು.”

ಶುರುವಿನ ವಾರಗಳಲ್ಲಿ ಕೆಂಪಿಂಕಕ್ಕನಿಗೆ ಅದೇನೂ ಸುಲಭವಾಗಿರಲಿಲ್ಲ. ಗಡಿಯಾಚೆಯ ಸಾಲುಗಳನ್ನು ಕಂಡಾಗ ಅಂಗೈ ತುರಿಸುತ್ತಿತ್ತು. ಒಂದೆರಡು ಸಲ ಎದ್ದು ಹೋಗಿ ಪಾತ್ರೆ ತೊಳೆದಳು, ಆಗಲೇ ತೊಳೆದ ಪಾತ್ರೆಯನ್ನೇ. ಆದರೆ ಅತ್ತೆ ಹೊಲಿಯುತ್ತಾ ಮಾತಾಡುತ್ತಿದ್ದರು. ಎಕ್ಸ್‌ಚೇಂಜಿನ ಕಥೆಗಳು: ಮೂರು ನಿಮಿಷದ ಟ್ರಂಕ್ ಕಾಲ್ ಬುಕ್ ಮಾಡಿ ಮೂರೂ ನಿಮಿಷ ಅತ್ತು ಫೋನ್ ಇಟ್ಟ ಗಿರಾಕಿ, ರಾಂಗ್ ನಂಬರಿನಲ್ಲಿ ಜಗಳ ಶುರುವಾಗಿ ಮದುವೆಯಲ್ಲಿ ಮುಗಿದ ಜೋಡಿ. ಕೇಳುತ್ತಾ ಕೇಳುತ್ತಾ ಸೊಸೆ ತನ್ನ ಕಡೆಯ ಹೊಲಿಗೆಯನ್ನು ದೀಪಕ್ಕೆ ಹಿಡಿಯುವುದನ್ನೇ ಮರೆತಳು. ಒಂದು ಶನಿವಾರ ನೋಡುತ್ತಾಳೆ, ಬೆರಳುದ್ದಕ್ಕೆ ಹತ್ತೇ ಹೊಲಿಗೆ ಬಿದ್ದಿದೆ, ಒಂದು ಕಡೆ ಒಂಬತ್ತು. ಬ್ಲೇಡಿಗೆ ಕೈ ಹೋಯಿತು. ಆಗ ಅತ್ತೆ ಕಥೆಯ ನಡುವೆ ಇದ್ದರು. ರಾಂಗ್ ನಂಬರಿನವನು ಇನ್ನೂ ಹೆಸರು ಹೇಳಿರಲಿಲ್ಲ. ಬಿಚ್ಚದೆ ಮುಂದಕ್ಕೆ ಹೋದಳು. ಅವಳ ಜೀವನದಲ್ಲಿ ಅದೇ ಮೊದಲು.

ಏಳೇ ತಿಂಗಳಲ್ಲಿ ಕೌದಿ ಮುಗಿಯಿತು. ಅದನ್ನು ಒಗೆದು ಒಣಗಿಸಿ ಹಾಸಿಗೆಗೆ ಹಾಕಿದ ಮೇಲೆ ಅವಳು ಒಂದು ವಿಷಯ ಗಮನಿಸಿದಳು. ಗಂಡ ಮಧ್ಯಾಹ್ನ ಒರಗಿದಾಗಲೆಲ್ಲ ಕೌದಿಯನ್ನು ತಿರುಗಿಸಿ ಅಮ್ಮನ ಕಡೆಯ ಅಂಚನ್ನೇ ಗಲ್ಲದ ತನಕ ಎಳೆದುಕೊಳ್ಳುತ್ತಿದ್ದ.

“ಅಮ್ಮ ಹೊಲಿದಿದ್ದು ಅಂತಾನಾ?” ಅಂತ ಕೇಳಿದಳು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

“ಯಾರು ಹೊಲಿದ್ರೋ ನನಗೇನು ಗೊತ್ತು? ಈ ಕಡೆ ಮೆತ್ತಗಿದೆ.”

ಹೋಗಿ ಮುಟ್ಟಿ ನೋಡಿದಳು. ನಿಜವೇ. ಅವಳ ಕಡೆ ಹೊಲಿಗೆ ದಟ್ಟ, ದಾರ ಬಿಗಿ, ಬಟ್ಟೆಗೆ ಉಸಿರಾಡಲು ಜಾಗವಿಲ್ಲ. ಅತ್ತೆಯ ಕಡೆ ಹೊಲಿಗೆ ಸಡಿಲ, ಒಳಗಿನ ಹತ್ತಿ ಉಬ್ಬಿಕೊಂಡು ಗಾಳಿ ತುಂಬಿತ್ತು. ಕೌದಿ ಕಲಿಯಲು ಶುರು ಮಾಡಿ ಹದಿಮೂರು ವರ್ಷವಾದ ಮೇಲೆ ಅವಳಿಗೆ ಇದು ತಿಳಿಯಿತು: ಬಿಗಿ ಮಾಡಿದಷ್ಟೂ ಗಟ್ಟಿ, ಆದರೆ ಬಿಟ್ಟಷ್ಟೂ ಬೆಚ್ಚಗೆ.

ಅದೇ ಹೊತ್ತಿಗೆ ಅತ್ತೆ ಒಂದು ಬೆಳಿಗ್ಗೆ ತಾವಾಗಿಯೇ, “ಆ ಕಣ್ಣಿನ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋ” ಅಂತ ಮಗನಿಗೆ ಹೇಳಿದರು. ಎಲ್ಲರೂ ಬೆರಗಾದರು. “ದಿನಾ ದಾರ ಪೋಣಿಸಿ ಕೊಡು ಅಂತ ಎಷ್ಟು ದಿನ ಕೈ ಚಾಚೋದು? ಹನ್ನೊಂದನೇ ಸೂಜಿ ಬೇಕಾದ್ರೆ ಸಂಜೆ ತನಕ ಕಾಯಬೇಕು. ಚಾಕುವೋ ಗೀಕುವೋ, ಆಗಿಹೋಗ್ಲಿ.”

ಆಪರೇಷನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಒಂದು ಕಣ್ಣು, ಆಮೇಲೆ ಇನ್ನೊಂದು. ತಿಂಗಳಾದ ಮೇಲೆ ಹೊಸ ಕನ್ನಡಕ ಹಾಕಿಕೊಂಡು ಬಂದ ಅತ್ತೆ ಮನೆಯೆಲ್ಲ ನೋಡಿದರು. ಮಗನ ತಲೆ ನೋಡಿ, “ಕೂದಲೆಲ್ಲ ಎಲ್ಲಿಗೆ ಹೋಯ್ತೋ?” ಅಂದರು. ಮೂಲೆಯ ಜೇಡರಬಲೆ ತೋರಿಸಿದರು. ಆಮೇಲೆ ಹಾಸಿಗೆಯ ಹತ್ತಿರ ಹೋಗಿ ಕೌದಿಯ ಅಂಚು ಎತ್ತಿ ಹಿಡಿದರು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು.

“ಅಯ್ಯೋ ದೇವರೇ! ಇದನ್ನ ಯಾರೇ ಹೊಲಿದಿದ್ದು? ಕುಡಿದುಬಿಟ್ಟು ಹೊಲಿದಿದ್ದಾರಾ?”

“ನೀವೇ ಅತ್ತೆ.”

“ನಾನಾ?” ಅತ್ತೆ ಮಂಚದ ಮೇಲೆ ಕುಸಿದರು. “ಇದನ್ನ ಬಂದವರೆಲ್ಲ ನೋಡಿದ್ರಾ? ಆ ಬ್ಲೇಡು ತಾ ಇಲ್ಲಿ. ಎಲ್ಲಾ ಬಿಚ್ಚಿ ಸರಿ ಮಾಡ್ತೀನಿ.”

“ಕೊಡಲ್ಲ.”

“ಕೊಡಲ್ವಾ? ಅವತ್ತು ನೀನೇ ಬಿಚ್ಚಿದ್ದೆ ಕಣೇ!”

“ಅವತ್ತು ನನಗೆ ಗೊತ್ತಿರಲಿಲ್ಲ ಅತ್ತೆ,” ಅಂತ ಕೆಂಪಿಂಕಕ್ಕ ಬ್ಲೇಡನ್ನು ಬೆನ್ನ ಹಿಂದೆ ಹಿಡಿದು ನಿಂತಳು. ಗಂಡ ಇದ್ದವನು ಇದ್ದ ಹಾಗೇ ಹಾಸಿಗೆಗೆ ಬಿದ್ದು ಕೌದಿಯನ್ನು ಮೈಗೆಲ್ಲ ಸುತ್ತಿಕೊಂಡು, “ನನ್ನ ಹೆಣದ ಮೇಲಿಂದ ಬಿಚ್ಚಬೇಕು” ಅಂದ. ಅತ್ತೆ ಒಂದು ಗಳಿಗೆ ಮಗನನ್ನು, ಒಂದು ಗಳಿಗೆ ಸೊಸೆಯನ್ನು ನೋಡಿದರು. ಆಮೇಲೆ ಅವರಿಗೇ ನಗು ಬಂತು. ಆ ನಗು ಕೆಮ್ಮಾಗಿ, ಸೊಸೆ ನೀರು ತರುವ ತನಕ ನಿಲ್ಲಲಿಲ್ಲ.

ಇದಾಗಿ ನಾಲ್ಕು ವರ್ಷ. ಮನೆಯಿಂದ ಆಮೇಲೆ ಹತ್ತು ಕೌದಿ ಹೊರಗೆ ಹೋಗಿವೆ, ಒಂದೂ ಬೀರುವಿನ ಮೇಲೆ ಉಳಿದಿಲ್ಲ. ಪ್ರೆಸ್ಸಿನಲ್ಲಿ ಕೆಂಪಿಂಕಕ್ಕ ಈಗಲೂ ಔಷಧದ ಚೀಟಿಯನ್ನು ಮೂರು ಸಲ ಓದುತ್ತಾಳೆ. ಅದನ್ನು ಬಿಡುವುದಿಲ್ಲ, ಬಿಡಲೂ ಬಾರದು. ಎಲ್ಲಿ ಕಣ್ಣು ಬಿಗಿ ಹಿಡಿಯಬೇಕು, ಎಲ್ಲಿ ಕೈ ಸಡಿಲ ಬಿಡಬೇಕು ಅನ್ನುವುದು ಅವಳಿಗೆ ಈಗ ಬೇರೆ ಬೇರೆಯಾಗಿ ಗೊತ್ತು. ಅತ್ತೆಯ ಹೊಲಿಗೆ ನೇರವಾಗಿದೆ. ನೇರವಾದಷ್ಟೂ ಜೋರೂ ಆಗಿದೆ: “ಏನೇ ಇದು, ನಿನ್ನ ಸಾಲು ಎಲ್ಲಿಗೋ ಹೊರಟಿದೆ!” ಅಂತ ಸೊಸೆಗೇ ಹೇಳುತ್ತಾರೆ. “ಹೋಗ್ಲಿ ಬಿಡಿ ಅತ್ತೆ, ಸಂಜೆಗೆ ವಾಪಸ್ ಬರುತ್ತೆ” ಅನ್ನುತ್ತಾಳೆ ಅವಳು.

ಮೊನ್ನೆ ಹೊಸದಕ್ಕೆ ಅಳತೆ ಹಾಕುವಾಗ ಎಪ್ಪತ್ತೆಂಟರ ಅತ್ತೆ ಟೇಪನ್ನು ಗೋಡೆಯಿಂದ ಗೋಡೆಗೆ ಎಳೆದರು. “ಈ ಸಲ ದೊಡ್ಡದು. ಇಬ್ಬರು ಮಲಗೋ ಮಂಚಕ್ಕೆ. ನಡುವೆ ನಕ್ಷತ್ರ ಇರ್ಬೇಕು, ಸುತ್ತ ಸಣ್ಣ ಸಣ್ಣ ತುಂಡು.”

“ಅತ್ತೆ, ಇದಕ್ಕೆ ಕಡಿಮೆ ಅಂದ್ರೂ ಎರಡು ವರ್ಷ ಬೇಕು.”

“ಬೇಕಿದ್ರೆ ಮೂರು ತಗೋ,” ಅಂದರು ಅತ್ತೆ, ಕನ್ನಡಕ ಮೇಲೇರಿಸಿಕೊಳ್ಳುತ್ತಾ. “ನನಗೇನು ಬಸ್ಸು ತಪ್ಪಿಹೋಗುತ್ತಾ? ಆ ಹಳದಿ ಬಟ್ಟೆ ಕೊಡು, ಮೊದಲು ನಕ್ಷತ್ರ ಕತ್ತರಿಸೋಣ.”

ಸೊಸೆ ಹಳದಿ ಬಟ್ಟೆಯನ್ನು ಕೆನ್ನೆಗೆ ಒತ್ತಿ ನೋಡಿ, ಮೆತ್ತಗಿದೆ ಅಂತ ತಲೆಯಾಡಿಸಿ, ಕತ್ತರಿಯ ಜೊತೆ ಅವರ ಕೈಗಿಟ್ಟಳು.